ಪಿಂಗ್ ಕೆಂಪಾದಾಗ: ಜೇವರ್ಗಿ ಸೀಮೆಯ ಆಟಗಾರರಿಗೊಂದು ಬಹಿರಂಗ ಪತ್ರ

ಜೇವರ್ಗಿ, ಯಡ್ರಾಮಿ, ನೆಲೋಗಿ, ಆಂದೋಲಾ, ಇಜೇರಿ ಕಡೆ ರಾತ್ರಿ ಊಟ ಮುಗಿಸಿ ಸ್ಕ್ವಾಡ್ ಕಟ್ಟುವ ತಮ್ಮಂದಿರಿಗೂ ತಂಗಿಯರಿಗೂ,



"ಅಣ್ಣಾ, ಲ್ಯಾಗ್ ಹೊಡಿಲಾಕತ್ತದ ನೋಡು" ಅಂತ ಮೊಬೈಲ್ ಮುಂದೆ ಹಿಡಿದಾಗೆಲ್ಲ ನಾನು ಕೇಳುವ ಮಾತು ಒಂದೇ: ಎಲ್ಲಿ ಹೊಡಿಲಾಕತ್ತದ? ಅದಕ್ಕೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: "ನಮ್ಮೂರಾಗ ನೆಟ್ಟೇ ಹಿಂಗ. ನಾವು ಮೂಲ್ಯಾಗ ಇದ್ದೀವಿ, ಬೆಂಗಳೂರವ್ರಿಗೆ ಹಿಂಗ ಆಗಂಗಿಲ್ಲ." ಈ ಉತ್ತರ ಕೇಳಿ ಕೇಳಿಯೇ ಈ ಪತ್ರ ಬರೆಯಲು ಕೂತಿದ್ದೇನೆ. ನಾನು ನೆಟ್‌ವರ್ಕ್ ಕೆಲಸ ಮಾಡುವವನು. ನೀರು, ರಸ್ತೆ, ನೌಕರಿಯ ವಿಷಯದಲ್ಲಿ ಈ ಭಾಗ ಹಿಂದೆ ಬಿದ್ದದ್ದು ನಿಜ. ಸಂವಿಧಾನಕ್ಕೆ 371(ಜೆ) ವಿಧಿ ಸೇರಿದ್ದೇ ಆ ಕಾರಣಕ್ಕೆ. ಆದರೆ ಆಟ ನಿಂತದ್ದಕ್ಕೆ ಊರಿನ ದೂರವನ್ನು ಹೊಣೆ ಮಾಡುವ ಮೊದಲು ಒಮ್ಮೆ ಲೆಕ್ಕ ಹಾಕಬೇಕು. ಲೆಕ್ಕ ಕಷ್ಟದ್ದೇನಲ್ಲ.

ನಿಮ್ಮ ಮೊಬೈಲ್‌ನಿಂದ ಹೊರಟ ಪುಟ್ಟ ಸಂದೇಶವೊಂದು (ಪ್ಯಾಕೆಟ್) ಸರ್ವರ್ ಮುಟ್ಟಿ ಮರಳಿ ಬರಲು ಹಿಡಿಯುವ ಕಾಲವೇ ಪಿಂಗ್. ಅದನ್ನು ಮಿಲಿಸೆಕೆಂಡಿನಲ್ಲಿ ಎಣಿಸುತ್ತಾರೆ, ಸೆಕೆಂಡಿನ ಸಾವಿರದಲ್ಲೊಂದು ಪಾಲು. ಆಪ್ಟಿಕಲ್ ಫೈಬರ್‌ನ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಒಂದು ಮಿಲಿಸೆಕೆಂಡಿಗೆ 200 ಕಿಲೋಮೀಟರ್. ಜೇವರ್ಗಿಯಿಂದ ಭೀಮಾ ನದಿ ದಾಟಿ ಕಲಬುರಗಿಗೆ ಸುಮಾರು 40 ಕಿಲೋಮೀಟರ್. ಅಲ್ಲಿಂದ ಸೊಲ್ಲಾಪುರದ ಮೇಲೆ ರೈಲಿನ ಹಾದಿ ಹಿಡಿದರೆ ಮುಂಬೈಗೆ ಇನ್ನು 570ರ ಆಸುಪಾಸು. ಮುಂಬೈ ಯಾಕೆಂದರೆ ದೇಶದ ದೊಡ್ಡ ಡೇಟಾ ಸೆಂಟರ್‌ಗಳು ಅಲ್ಲಿ ಸೇರಿಕೊಂಡಿವೆ, ವ್ಯಾಲೊರಂಟ್‌ನಂಥ ಆಟಗಳ ಸರ್ವರ್ ಇರುವುದೂ ಅಲ್ಲೇ. ಒಟ್ಟು 610 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಹೋಗಲು 3 ಮಿಲಿಸೆಕೆಂಡ್, ಬರಲು 3.

ನಿಮ್ಮ ಪ್ಯಾಕೆಟ್ ನೆಟ್ಟಗೆ ಮುಂಬೈಗೇ ಹೋಗುತ್ತದೆ ಅನ್ನಲಾಗದು. ಮೊಬೈಲ್ ಕಂಪನಿಗಳ ಜಾಲ ಇಂಟರ್ನೆಟ್ಟಿಗೆ ತೆರೆದುಕೊಳ್ಳುವ ಬಾಗಿಲುಗಳು ಕೆಲವೇ ದೊಡ್ಡ ಊರುಗಳಲ್ಲಿರುತ್ತವೆ. ಕರ್ನಾಟಕದ ಸಿಮ್ ಆದರೆ ಅದು ಮೊದಲು ಬೆಂಗಳೂರಿಗೆ ಹೋಗಿ, ಅಲ್ಲಿಂದ ತಿರುಗಿ ಮುಂಬೈ ಹಾದಿ ಹಿಡಿಯುವುದೂ ಉಂಟು. ಆ ಬಳಸು ಹಾದಿ ಒಂದೂವರೆ ಸಾವಿರ ಕಿಲೋಮೀಟರ್ ದಾಟಿದರೂ ಹೋಗಿಬರಲು 16 ಮಿಲಿಸೆಕೆಂಡ್ ಸಾಕು. 4ಜಿ ಟವರಿಗೂ ಮೊಬೈಲಿಗೂ ನಡುವಿನ ರೇಡಿಯೊ ಕೊಂಡಿ ತನ್ನ ಪಾಲಿಗೆ ಇನ್ನೊಂದು 20–30 ಕೇಳುತ್ತದೆ. ಎಲ್ಲ ಕೂಡಿಸಿದರೂ 50ರ ಒಳಗೇ ಮುಗಿಯಬೇಕಾದ ಮಾತು. ಪರದೆಯ ಮೂಲೆಯಲ್ಲಿ 140 ಅಂತ ಕೆಂಪಗೆ ತೋರಿಸಿದರೆ, ಉಳಿದ 90 ಮಿಲಿಸೆಕೆಂಡನ್ನು ಭೂಗೋಳದ ಲೆಕ್ಕಕ್ಕೆ ಬರೆಯಲು ಬರುವುದಿಲ್ಲ. ಅದು ಎಲ್ಲೋ ಒಂದು ಕಡೆ ಕಾಯುತ್ತ ನಿಂತದ್ದು. ಎಲ್ಲಿ ನಿಂತಿದೆ ಎಂದು ಪತ್ತೆ ಮಾಡಿದರೆ ಅರ್ಧ ಕೆಲಸ ಆದಂತೆ.

ಆದರೆ ಅದಕ್ಕೂ ಮೊದಲು, ನಿಮಗೆ ಕಾಡುತ್ತಿರುವುದು ನೆಟ್ಟೋ ಮೊಬೈಲೋ ಎಂದು ಬೇರೆ ಮಾಡಿ ನೋಡಿ. ನಮ್ಮ ಕಡೆ ಎರಡಕ್ಕೂ "ಲ್ಯಾಗ್" ಅಂದುಬಿಡುತ್ತೇವೆ. ಎದುರಾಳಿ ಒಂದು ಕಡೆ ಓಡುತ್ತಿದ್ದವನು ತಟ್ಟನೆ ಇನ್ನೊಂದು ಕಡೆ ಕಾಣಿಸಿಕೊಂಡ, ಗುಂಡು ಹಾರಿಸಿದರೂ ತಾಗಲಿಲ್ಲ, ಗಾಡಿ ಮುಂದೆ ಹೋಗಿ ಮತ್ತೆ ಹಿಂದಕ್ಕೆ ಬಂದು ನಿಂತಿತು — ಇವು ನೆಟ್ಟಿನ ಲಕ್ಷಣ. ಪಿಂಗ್ 40 ಅಂತ ಹಸಿರಾಗೇ ಇದ್ದು, ಇಡೀ ಚಿತ್ರವೇ ತಡೆತಡೆದು ಬರುತ್ತಿದ್ದರೆ, ಬೆರಳು ಎಳೆದ ಮೇಲೆ ಕ್ಯಾಮೆರಾ ನಿಧಾನಕ್ಕೆ ತಿರುಗಿದರೆ, ಅದು ನಿಮ್ಮ ಕೈಯಲ್ಲಿರುವ ಮೊಬೈಲ್ ಸೋತ ಲಕ್ಷಣ. ಇದಕ್ಕೆ ಸಿಮ್ ಬದಲಿಸಿದರೂ ಫಲವಿಲ್ಲ, ದುಬಾರಿ ಪ್ಲಾನ್ ಹಾಕಿಸಿದರೂ ಫಲವಿಲ್ಲ.

ಕಲಬುರಗಿ ಜಿಲ್ಲೆಯಲ್ಲಿ ಈ ಎರಡನೆಯ ತೊಂದರೆಯೇ ಅರ್ಧ ವರ್ಷ ಆಳುತ್ತದೆ ಎಂಬುದು ನನ್ನ ಅನಿಸಿಕೆ. ಕಾರಣ ನಮ್ಮ ಬಿಸಿಲು. ಏಪ್ರಿಲ್‌–ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಹೊಸದೇನಲ್ಲ. ಮೊಬೈಲ್ ಒಳಗಿನ ಪ್ರೊಸೆಸರ್ ಆಟದ ಹೊತ್ತಿನಲ್ಲಿ ಕಾಯುತ್ತದೆ. ಆ ಕಾವು ಹೊರಗಿನ ಗಾಳಿಗೆ ಹೋಗಬೇಕು. ಗಾಳಿಯೇ ಕಾದ ಕೋಣೆಯಲ್ಲಿ ಅದು ಹೋಗುವುದಾದರೂ ಎಲ್ಲಿಗೆ? ಒಂದು ಮಿತಿ ಮುಟ್ಟಿದೊಡನೆ ಮೊಬೈಲ್ ತನ್ನನ್ನು ತಾನು ಕಾಪಾಡಿಕೊಳ್ಳಲು ಪ್ರೊಸೆಸರ್‌ನ ವೇಗ ಇಳಿಸುತ್ತದೆ. ಸೆಕೆಂಡಿಗೆ 60 ಚಿತ್ರ ಬರುತ್ತಿದ್ದಾಗ ಒಂದೊಂದು ಚಿತ್ರಕ್ಕೆ 17 ಮಿಲಿಸೆಕೆಂಡಿಗಿಂತ ಕಡಿಮೆ ಸಾಕಿತ್ತು. 25ಕ್ಕೆ ಇಳಿದರೆ 40 ಬೇಕು. ನೆಟ್ಟಿನ ತಪ್ಪಿಲ್ಲದೆಯೇ ನಿಮ್ಮ ಬೆರಳಿಗೂ ಪರದೆಗೂ ನಡುವೆ ಅಷ್ಟು ಅಂತರ ಬಿತ್ತು. ಮೊದಲ ಪಂದ್ಯ ಚೆನ್ನಾಗಿ ಹೋಗಿ ಮೂರನೆಯದರ ಹೊತ್ತಿಗೆ ಕೆಡುತ್ತದೆ ಅನ್ನುವವರೆಲ್ಲ ಮೊದಲು ಮೊಬೈಲ್‌ನ ಬೆನ್ನು ಮುಟ್ಟಿ ನೋಡಿ.

ಇದಕ್ಕೆ ಖರ್ಚಿಲ್ಲದ ಮದ್ದುಗಳೇ ಹೆಚ್ಚು. ಆಡುವಾಗ ಹಿಂದಿನ ಕವರ್ ತೆಗೆಯಿರಿ. ಚಾರ್ಜಿಗೆ ಹಾಕಿಕೊಂಡು ಆಡಬೇಡಿ, ಬ್ಯಾಟರಿಯ ಕಾವು ಪ್ರೊಸೆಸರ್ ಕಾವಿಗೆ ಕೂಡುತ್ತದೆ, ಬ್ಯಾಟರಿಯ ಆಯುಸ್ಸೂ ಕಡಿಮೆಯಾಗುತ್ತದೆ. ಗ್ರಾಫಿಕ್ಸ್ ಅನ್ನು ಸ್ಮೂತ್‌ಗೆ ಇಳಿಸಿ. ಚಿತ್ರದ ಅಂದ ಕಡಿಮೆಯಾದರೂ ಓಟ ಒಂದೇ ಸಮ ಇರುತ್ತದೆ, ಪಂದ್ಯದಲ್ಲಿ ಬೇಕಾದದ್ದೂ ಅದೇ. ಫ್ರೇಮ್ ರೇಟನ್ನು ಮೊಬೈಲ್ ತಾಳುವಷ್ಟಕ್ಕೇ ಇಡಿ. ಹತ್ತು ನಿಮಿಷ 60 ಬಂದು ಆಮೇಲೆ 25ಕ್ಕೆ ಕುಸಿಯುವುದಕ್ಕಿಂತ ಕೊನೆಯವರೆಗೂ 40 ಇರುವುದು ಮೇಲು. ಆಟವನ್ನು ಮಧ್ಯಾಹ್ನದಿಂದ ಬೆಳಗಿನ ಜಾವಕ್ಕೋ ಸಂಜೆಗೋ ಸರಿಸಿದರೆ ಇನ್ನೂ ಒಳ್ಳೆಯದು. ಒಂದು ಮಾತ್ರ ದಯವಿಟ್ಟು ಮಾಡಬೇಡಿ: ಕಾದ ಮೊಬೈಲನ್ನು ಫ್ರಿಜ್ಜಿನಲ್ಲಿಡುವುದು. ತಣ್ಣಗಾಗುವಾಗ ಗಾಳಿಯ ತೇವ ಒಳಗೆ ಹನಿಗಟ್ಟಿ ಬೋರ್ಡ್ ಸುಟ್ಟುಹೋಗಬಹುದು. ಅಪ್ಪ ತೊಗರಿ ಮಾರಿ ಕೊಡಿಸಿದ ಮೊಬೈಲ್ ಅದು.

ಈಗ ನೆಟ್ಟಿಗೆ ಬರೋಣ. ಮನೆಗೆ ಫೈಬರ್ ಬಂದಿದೆ, ಪ್ಲಾನ್ 50 ಎಂಬಿಪಿಎಸ್ಸಿನದು, ಆದರೂ ರಾತ್ರಿ ಪಿಂಗ್ 200 ದಾಟುತ್ತದೆ ಅನ್ನುವವರಿದ್ದೀರಿ. ಸ್ಪೀಡ್ ಹೆಚ್ಚಿಸಿಕೊಂಡರೆ ಸರಿಹೋಗುತ್ತದೆ ಎಂದು ಪ್ಲಾನ್ ಮಾರುವವರು ಹೇಳುತ್ತಾರೆ. ಆಟಕ್ಕೆ ಬೇಕಾದ ಡೇಟಾ ಬಲು ಸ್ವಲ್ಪ, ಒಂದು ಎಂಬಿಪಿಎಸ್ ಕೂಡ ಬೇಕಿಲ್ಲ. ಅದು ಕೇಳುವುದು ತಡೆಯಿಲ್ಲದ ಹಾದಿಯನ್ನು. ಅಕ್ಕ ಅದೇ ಹೊತ್ತಿಗೆ ಮದುವೆಯ ವಿಡಿಯೊ ಅಪ್‌ಲೋಡ್ ಮಾಡುತ್ತಿದ್ದಾಳೆ, ಇನ್ನೊಂದು ಮೊಬೈಲ್ ತನ್ನಷ್ಟಕ್ಕೆ ತಾನೇ ಫೋಟೊಗಳನ್ನು ಬ್ಯಾಕಪ್ ಮಾಡುತ್ತಿದೆ ಎಂದಿಟ್ಟುಕೊಳ್ಳಿ. ಹೊರಗೆ ಹೋಗುವ ಹಾದಿ ತುಂಬಿದಾಗ ಅಗ್ಗದ ರೂಟರುಗಳು ಬಂದ ಪ್ಯಾಕೆಟ್ಟುಗಳನ್ನೆಲ್ಲ ಉದ್ದ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತವೆ, ಒಂದನ್ನೂ ಬಿಡುವುದಿಲ್ಲ. ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕ ಬೈಕಿನಂತೆ ನಿಮ್ಮ ಆಟದ ಪುಟ್ಟ ಪ್ಯಾಕೆಟ್ ಆ ಸಾಲಿನ ಬಾಲದಲ್ಲಿ ನಿಲ್ಲುತ್ತದೆ. ರಸ್ತೆ ಚೆನ್ನಾಗಿದ್ದೂ ಮುಂದೆ ಹೋಗುವಂತಿಲ್ಲ.

ಇದು ಜೇವರ್ಗಿಗಷ್ಟೇ ಇರುವ ತೊಂದರೆಯಲ್ಲ. 2010ರ ಹೊತ್ತಿಗೆ ಅಮೆರಿಕದಲ್ಲಿ ಜಿಮ್ ಗೆಟಿಸ್ ಎಂಬ ಎಂಜಿನಿಯರ್ ತನ್ನ ಮನೆಯ ನೆಟ್ ಹೀಗೇ ಮುಗ್ಗರಿಸುವುದನ್ನು ಬೆನ್ನಟ್ಟಿ ಹೋಗಿ, ಜಗತ್ತಿನ ತುಂಬ ರೂಟರುಗಳು ಬೇಕಾದ್ದಕ್ಕಿಂತ ದೊಡ್ಡ ಸಾಲು ಕಟ್ಟಿಸುತ್ತಿವೆ ಎಂದು ತೋರಿಸಿದರು. ಅದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಾಯಿತು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ಉಪಾಯ ಕೊಟ್ಟರು: ಸಾಲಿನಲ್ಲಿ ಪ್ಯಾಕೆಟ್ ನಿಂತ ಹೊತ್ತನ್ನು ಅಳೆದು, ಅದು ಮಿತಿ ಮೀರಿದರೆ ಒಂದೆರಡನ್ನು ಕೈಬಿಟ್ಟು ಕಳಿಸುವವನಿಗೆ ನಿಧಾನಿಸು ಎಂದು ಸೂಚನೆ ಕೊಡುವುದು. ಇಂದು ಒಳ್ಳೆಯ ರೂಟರುಗಳಲ್ಲಿ ಎಸ್‌ಕ್ಯೂಎಂ ಅಥವಾ ಕ್ಯೂಒಎಸ್ ಹೆಸರಿನಲ್ಲಿ ಇಂಥ ಸೌಲಭ್ಯಗಳಿವೆ. ನಿಮ್ಮ ರೂಟರಿನಲ್ಲಿ ಇದ್ದರೆ ಆನ್ ಮಾಡಿ, ಅಪ್‌ಲೋಡ್ ಮತ್ತು ಡೌನ್‌ಲೋಡ್ ಮಿತಿಯನ್ನು ನಿಜವಾಗಿ ಸಿಗುವ ವೇಗದ ಶೇ. 85–90ಕ್ಕೆ ಕಟ್ಟಿ. ಇಲ್ಲದಿದ್ದರೆ ಮನೆಯವರ ಜೊತೆ ಮಾತಾಡಿ: ಬ್ಯಾಕಪ್ಪು ನಡುರಾತ್ರಿ ಆಗಲಿ, ದೊಡ್ಡ ಅಪ್‌ಲೋಡು ಪಂದ್ಯ ಮುಗಿದ ಮೇಲೆ ಆಗಲಿ. ನೀವೂ ಪ್ರತಿಯಾಗಿ ಅವರ ಆನ್‌ಲೈನ್ ಕ್ಲಾಸಿನ ಹೊತ್ತಿಗೆ ಆಟದ ಅಪ್‌ಡೇಟ್ ಹಾಕಬೇಡಿ.

ವೈಫೈಯದು ಇನ್ನೊಂದು ಕಥೆ. ನಮ್ಮ ಹಳೆಯ ಮನೆಗಳ ಗೋಡೆ ಕಲ್ಲಿನವು, ದಪ್ಪ. ನೆಲಕ್ಕೂ ಎಷ್ಟೋ ಕಡೆ ಮಾಳಿಗೆಗೂ ಶಹಾಬಾದಿ ಕಲ್ಲು. ಬೇಸಿಗೆಗೆ ತಂಪು, ರೇಡಿಯೊ ಅಲೆಗೆ ಅಡ್ಡಿ. 5 ಗಿಗಾಹರ್ಟ್ಸ್ ವೈಫೈ ಒಂದೇ ಕೋಣೆಯಲ್ಲಿ ಚೊಕ್ಕವಾಗಿ ಓಡುತ್ತದೆ, ಕಲ್ಲಿನ ಗೋಡೆ ದಾಟುವಾಗ ಸೋಲುತ್ತದೆ. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ, ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ಓಣಿಯ ರೂಟರುಗಳೆಲ್ಲ ಒಂದೇ ಚಾನೆಲ್ಲಿನಲ್ಲಿದ್ದರೆ ಸರದಿ ಕಾಯಬೇಕು. ರೂಟರ್ ಮೂಲೆಯ ಗೂಡಿನಲ್ಲಿ, ಟಿವಿ ಹಿಂದೆ ಇದ್ದರೆ ಹೊರಗೆ ತನ್ನಿ, ನೀವು ಆಡುವ ಕೋಣೆಯಲ್ಲೇ ಎತ್ತರಕ್ಕೆ ಇಡಿ. ಕಂಪ್ಯೂಟರಿನಲ್ಲಿ ಆಡುವವರು ಲ್ಯಾನ್ ಕೇಬಲ್ ಎಳೆದುಕೊಂಡರೆ ಈ ಗೊಡವೆಯೇ ಇಲ್ಲ. ಮೊಬೈಲಿಗೂ ಟೈಪ್‌–ಸಿ ಅಡಾಪ್ಟರ್ ಮೂಲಕ ಕೇಬಲ್ ಹಾಕಬಹುದು. ಕರೆಂಟು ಹೋಗುವ ಹೊತ್ತಿಗೆ ರೂಟರಿಗೊಂದು ಸಣ್ಣ ಯುಪಿಎಸ್ ಇದ್ದರೆ ಪಂದ್ಯದ ನಡುವೆ ಆಟ ಕಡಿಯುವುದಿಲ್ಲ.

ನಿಮ್ಮಲ್ಲಿ ಹೆಚ್ಚಿನವರು ಆಡುವುದು ಮೊಬೈಲ್ ಡೇಟಾದಲ್ಲೇ ಎಂದು ಗೊತ್ತು. ಅಲ್ಲಿ ಟವರ್ ಎಲ್ಲರದು. ರಾತ್ರಿ 8ರಿಂದ 11ರ ನಡುವೆ ಇಡೀ ಊರು ರೀಲ್ಸ್, ಸೀರಿಯಲ್, ಕ್ರಿಕೆಟ್ ನೋಡುವಾಗ ನಿಮ್ಮ ಪ್ಯಾಕೆಟ್ಟಿನ ಸರದಿ ತಡವಾಗಿ ಬರುತ್ತದೆ. ಸಿಗ್ನಲ್ಲಿನ ಕಡ್ಡಿ ಪೂರ್ತಿ ಇದ್ದೂ ಪಿಂಗ್ ಏರುವುದು ಇದಕ್ಕೇ. ಕಡ್ಡಿ ಹೇಳುವುದು ಟವರಿನ ದನಿ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು, ಅಲ್ಲಿ ಎಷ್ಟು ಜನ ಇದ್ದಾರೆ ಎಂಬುದನ್ನಲ್ಲ. ದಪ್ಪ ಗೋಡೆಯೊಳಗೆ ಕೂತಾಗ ಮೊಬೈಲ್ ಗೋಡೆ ದಾಟಬಲ್ಲ 850 ಅಥವಾ 900 ಮೆಗಾಹರ್ಟ್ಸಿನ ಅಲೆಗೆ ಇಳಿಯುತ್ತದೆ. ಆ ಹಾದಿ ಕಿರಿದು. ಅಂಗಳಕ್ಕೋ ಮಾಳಿಗೆಗೋ ಬಂದರೆ 1800 ಅಥವಾ 2300ರ ಅಗಲ ಹಾದಿ ಸಿಗಬಹುದು. ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು; ಅದು ಗಟ್ಟಿಯಾಗಿ ಸಿಗುವ ಜಾಗದಲ್ಲಿ ಒಳ್ಳೆಯದೇ. ಅರೆಬರೆ ಸಿಗುವಲ್ಲಿ ಮೊಬೈಲ್ 4ಜಿಗೂ 5ಜಿಗೂ ನಡುವೆ ಹಾರಾಡುತ್ತ ಪ್ರತಿ ಹಾರಾಟಕ್ಕೂ ಆಟವನ್ನು ಎಳೆದಾಡುತ್ತದೆ. ಅಂಥ ಕಡೆ ಸೆಟ್ಟಿಂಗ್ಸಿನಲ್ಲಿ 4ಜಿ ಮಾತ್ರ ಅಂತ ಇಟ್ಟು ನೋಡಿ.

ಒಂದೇ ಸಮ 90 ಇರುವ ಪಿಂಗಿಗಿಂತ 30ಕ್ಕೂ 150ಕ್ಕೂ ಜಿಗಿದಾಡುವ ಪಿಂಗ್ ಹೆಚ್ಚು ಕೆಟ್ಟದ್ದು. ಇದಕ್ಕೆ ಜಿಟರ್ ಎನ್ನುತ್ತಾರೆ. ಕೈ 90ಕ್ಕೆ ಒಗ್ಗಿಕೊಳ್ಳುತ್ತದೆ, ಜಿಗಿದಾಟಕ್ಕೆ ಒಗ್ಗುವುದಿಲ್ಲ.

ನೀವು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: "ನಾ ಗ್ವಾಡಿ ಹಿಂದ ಬಂದುಬಿಟ್ಟಿದ್ದೆ, ಆದ್ರೂ ಹೆಂಗ ಸತ್ತೆ? ಅಂವ ಹ್ಯಾಕರ್ ಇರ್ಬೇಕು." ಹ್ಯಾಕರುಗಳು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಇದರಲ್ಲಿ ಬಹುಪಾಲು ಹ್ಯಾಕ್ ಅಲ್ಲ. ಆಟದ ಸರ್ವರ್ ಒಬ್ಬನ ಪರದೆಯನ್ನಲ್ಲ, ಎಲ್ಲರ ಪರದೆಯನ್ನೂ ಒಂದು ಲೆಕ್ಕಕ್ಕೆ ತರಬೇಕು. 1996ರಲ್ಲಿ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಕ್ವೇಕ್‌ವರ್ಲ್ಡ್ ಎಂಬ ಆಟದಲ್ಲಿ ಒಂದು ದಾರಿ ಕಂಡುಕೊಂಡರು: ನೀವು ಬೆರಳು ಒತ್ತಿದೊಡನೆ ಸರ್ವರಿನ ಉತ್ತರಕ್ಕೆ ಕಾಯದೆ ನಿಮ್ಮದೇ ಯಂತ್ರ ನಿಮ್ಮನ್ನು ಮುಂದಕ್ಕೆ ಓಡಿಸಿ ತೋರಿಸುವುದು, ಆಮೇಲೆ ಸರ್ವರ್ ಹೇಳಿದ್ದಕ್ಕೆ ಸರಿಹೊಂದಿಸುವುದು. ಗಾಡಿ ಹಿಂದಕ್ಕೆ ಬಂದು ನಿಲ್ಲುವುದು ಈ ಸರಿಹೊಂದಿಕೆಯಿಂದಲೇ. 2001ರಲ್ಲಿ ವಾಲ್ವ್ ಕಂಪನಿಯ ಯಾನ್ ಬರ್ನಿಯರ್ ಗುಂಡಿನ ಲೆಕ್ಕವನ್ನು ವಿವರಿಸಿ ಬರೆದರು: ಗುಂಡು ಹಾರಿದ ಸುದ್ದಿ ಬಂದಾಗ ಸರ್ವರ್ ಕಾಲವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಹಾರಿಸಿದವನಿಗೆ ಆ ಗಳಿಗೆಯಲ್ಲಿ ಎದುರಾಳಿ ಎಲ್ಲಿ ಕಂಡನೋ ಅಲ್ಲಿ ತಾಗಿತೇ ಎಂದು ನೋಡುತ್ತದೆ. ಅವನ ಪರದೆಯಲ್ಲಿ ನೀವಿನ್ನೂ ಬಯಲಿನಲ್ಲಿದ್ದಿರಿ. ನಿಮ್ಮ ಪರದೆಯಲ್ಲಿ ಗೋಡೆಯ ಹಿಂದೆ. ಇಬ್ಬರೂ ಕಂಡದ್ದು ನಿಜ. ಹೀಗೆ ಮಾಡದಿದ್ದರೆ ಪಿಂಗ್ ಹೆಚ್ಚಿರುವ ನಮ್ಮಂಥವರು ಓಡುವವನಿಗೆ ಗುಂಡು ತಾಗಿಸಲು ಅವನಿಗಿಂತ ಎಷ್ಟೋ ಮುಂದಕ್ಕೆ ಗುರಿಯಿಡಬೇಕಾಗುತ್ತಿತ್ತು. ಆದ್ದರಿಂದ ಈ ಏರ್ಪಾಡು ನಮ್ಮ ಪರವಾಗಿಯೇ ಇದೆ ಎಂದು ನಾನು ಭಾವಿಸುತ್ತೇನೆ. ಎದುರಾಳಿಯನ್ನು ಬೈಯುವ ಮುನ್ನ ಇಬ್ಬರ ಪಿಂಗೂ ಎಷ್ಟಿತ್ತು ಎಂದು ಯೋಚಿಸಿ. ಬಾಗಿಲಲ್ಲಿ ನಿಂತು ಕಾಯುವುದಕ್ಕಿಂತ ನೀವೇ ಇಣುಕಿ ಹೊರಬಂದರೆ ಅದೇ ತಡ ನಿಮಗೆ ಲಾಭವಾಗುತ್ತದೆ, ಏಕೆಂದರೆ ನೀವು ಅವನನ್ನು ಮೊದಲು ಕಾಣುತ್ತೀರಿ.

ಲ್ಯಾಗ್ ಫಿಕ್ಸ್, ಜೀರೋ ಪಿಂಗ್, ಗೇಮ್ ಬೂಸ್ಟರ್ ಅಂತ ವಿಡಿಯೊ ಕೆಳಗಿನ ಲಿಂಕಿನಲ್ಲಿ ಸಿಗುವ ಎಪಿಕೆ ಫೈಲುಗಳನ್ನು ದಯವಿಟ್ಟು ಮುಟ್ಟಬೇಡಿ. ಬೆಳಕಿನ ವೇಗವನ್ನೂ ಟವರಿನ ಜನಸಂದಣಿಯನ್ನೂ ಒಂದು ಆ್ಯಪ್ ಬದಲಿಸಲಾರದು. ಆಟದ ಫೈಲ್ ತಿದ್ದಿದರೆ ಖಾತೆ ಬ್ಯಾನ್ ಆಗುತ್ತದೆ. ಅದಕ್ಕಿಂತ ದೊಡ್ಡ ಭಯ ಬೇರೆ: ಅದೇ ಮೊಬೈಲಿನಲ್ಲಿ ಅಪ್ಪನ ಫೋನ್‌ಪೇ ಇದೆ, ಬ್ಯಾಂಕಿನ ಒಟಿಪಿ ಬರುತ್ತದೆ. ಮೆಸೇಜ್ ಓದಲು ಅನುಮತಿ ಕೇಳುವ ಬೂಸ್ಟರಿಗೆ ಪಿಂಗಿನ ಮೇಲೆ ಆಸೆಯಿಲ್ಲ. ವಿಪಿಎನ್ ಕೂಡ ಹಾದಿ ಉದ್ದ ಮಾಡುವುದೇ ಹೆಚ್ಚು. ಕಂಪನಿಯ ಹಾದಿ ತೀರಾ ಸುತ್ತುಬಳಸಿದ್ದಾಗ ಮಾತ್ರ ಅಪರೂಪಕ್ಕೆ ಉಪಕಾರಕ್ಕೆ ಬರುತ್ತದೆ.

ಸರ್ವರ್ ಎಲ್ಲಿದೆ ಎಂಬುದು ನಮ್ಮ ದೇಶದಲ್ಲಿ ಸರ್ಕಾರದ ಮಟ್ಟದ ಮಾತೂ ಆಗಿದೆ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರದ ನಿಷೇಧದಿಂದ ಪಬ್‌ಜಿ ಹೋಯಿತು, 2021ರ ಜುಲೈಯಲ್ಲಿ ಅದರ ಭಾರತದ ರೂಪ ಬಿಜಿಎಂಐ ಬಂತು, ಮರುವರ್ಷ ಅದೂ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮೂರು ತಿಂಗಳ ಪ್ರಾಯೋಗಿಕ ಅನುಮತಿಯ ಮೇಲೆ ಮರಳಿತು. ಸರ್ವರಿನ ಸ್ಥಳ ಮತ್ತು ಡೇಟಾ ಸುರಕ್ಷತೆ ಆ ಅನುಮತಿಗೆ ಮುಂಚೆ ಬಗೆಹರಿಯಬೇಕಾಗಿದ್ದ ವಿಷಯಗಳಾಗಿದ್ದವು. ಕಂಪ್ಯೂಟರಿನಲ್ಲಿ ಆಡುವವರು ಸರ್ವರ್ ಆರಿಸುವ ಅವಕಾಶ ಇದ್ದಲ್ಲಿ ಮುಂಬೈ, ಚೆನ್ನೈ ಆರಿಸಿ. ಯುರೋಪಿನ ಸರ್ವರಿನಲ್ಲಿ ಆಡುವವರಿಗೆ 2025ರ ಸೆಪ್ಟೆಂಬರ್ ನೆನಪಿರಬಹುದು: ಕೆಂಪು ಸಮುದ್ರದಲ್ಲಿ ಕೇಬಲ್ ತುಂಡಾಗಿ ಭಾರತದಿಂದ ಆ ಕಡೆಗಿನ ಸಂಚಾರ ನಿಧಾನವಾಯಿತು. ಅಂಥದ್ದಕ್ಕೆ ನಾವು ಮಾಡಬಹುದಾದ್ದು ಏನೂ ಇಲ್ಲ.

ಊರಿನ ನೆಲದೊಳಗಿನ ಕೇಬಲ್ ತುಂಡಾದರೆ ಮಾಡಬಹುದಾದ್ದು ಇದೆ. ಜೇವರ್ಗಿ ಹೆದ್ದಾರಿಗಳು ಕೂಡುವ ಊರು: ಕಲಬುರಗಿ–ವಿಜಯಪುರದ 50 ಇಲ್ಲೇ ಹಾಯುತ್ತದೆ, ಚಾಮರಾಜನಗರದವರೆಗೆ ಹೋಗುವ 150ಎ ಇಲ್ಲಿಂದಲೇ ಹೊರಡುತ್ತದೆ. ಕೇಬಲ್‌ಗಳು ರಸ್ತೆಯ ಬದಿಗೇ ಸಾಗುತ್ತವೆ, ಜೆಸಿಬಿ ಹಲ್ಲಿಗೆ ಸಿಗುವುದೂ ಅಲ್ಲೇ. ಒಂದು ಎಳೆ ಕಡಿದರೆ ಸಂಚಾರ ಬೇರೆ ಊರು ಸುತ್ತಿ ಹೋಗುತ್ತದೆ, ಇಡೀ ತಾಲ್ಲೂಕಿನ ಪಿಂಗ್ ಏರುತ್ತದೆ. ಅಗೆಯುವ ಮೊದಲು ಕೇಬಲ್ ಇರುವವರಿಗೆ ತಿಳಿಸಲೆಂದೇ 2023ರ ಮಾರ್ಚಿನಲ್ಲಿ ಕಾಲ್ ಬಿಫೋರ್ ಯು ಡಿಗ್ ಎಂಬ ಆ್ಯಪ್ ಬಂದಿದೆ. ನಿಮ್ಮ ಓಣಿಯಲ್ಲಿ ಅಗೆತ ಶುರುವಾದರೆ ಗುತ್ತಿಗೆದಾರರಿಗೆ ಅದರ ಹೆಸರು ಹೇಳಿ.

ಈಗ ನಾನು ಕೇಳಬೇಕೆಂದಿರುವುದು. ಒಬ್ಬೊಬ್ಬರೇ ಬೈದುಕೊಳ್ಳುವುದನ್ನು ಬಿಟ್ಟು ಸ್ಕ್ವಾಡಿನವರೆಲ್ಲ ಕೂಡಿ ಅಳೆಯಿರಿ. ಪ್ಲೇಸ್ಟೋರಿನಲ್ಲಿ ಪಿಂಗ್ ಅಳೆಯುವ ಸಾದಾ ಆ್ಯಪ್‌ಗಳಿವೆ, ಕಂಪ್ಯೂಟರಿನಲ್ಲಿ ಆ ಸೌಲಭ್ಯ ಮೊದಲೇ ಇರುತ್ತದೆ. ಮನೆಯ ವೈಫೈ ಇದ್ದವರು ಮೊದಲು ರೂಟರನ್ನು ಅಳೆಯಿರಿ. ಅದರ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಅಲ್ಲಿಗೆ 5 ಮಿಲಿಸೆಕೆಂಡಿನ ಒಳಗೆ ಬರಬೇಕು. 40 ಬಂದರೆ ತೊಂದರೆ ನಿಮ್ಮ ಗೋಡೆಯೊಳಗೇ ಇದೆ, ಕಂಪನಿಯವರನ್ನು ಕರೆಸಿ ಫಲವಿಲ್ಲ. ರೂಟರ್ ಸರಿಯಿದ್ದರೆ ಹೊರಗಿನ ಸರ್ವರ್ ಒಂದನ್ನು, 8.8.8.8 ಎಂಬ ವಿಳಾಸವನ್ನು, ಅಳೆಯಿರಿ, ಒಮ್ಮೆ ಮನೆಯ ಉಳಿದ ಮೊಬೈಲುಗಳ ವೈಫೈ ಆರಿಸಿ, ಒಮ್ಮೆ ಎಲ್ಲರೂ ಬಳಸುವಾಗ. ಬಳಸುವಾಗ ಮಾತ್ರ ಏರಿದರೆ ಮೇಲೆ ಹೇಳಿದ ಸಾಲಿನ ತೊಂದರೆ. ಯಾರೂ ಬಳಸದಿದ್ದಾಗಲೂ ಏರಿಯೇ ಇದ್ದರೆ ಅದು ಕಂಪನಿಯ ಹೊಣೆ. ಮೊಬೈಲ್ ಡೇಟಾದವರು ಬೆಳಗಿನ 6ಕ್ಕೂ ರಾತ್ರಿಗೂ, ಮನೆಯೊಳಗೂ ಮಾಳಿಗೆಯ ಮೇಲೂ ಅಳೆಯಿರಿ. ಕಳೆದುಹೋದ ಪ್ಯಾಕೆಟ್ ನೂರಕ್ಕೆ ಎಷ್ಟು ಎಂದು ಆ್ಯಪ್ ಹೇಳುತ್ತದೆ, ಅದನ್ನೂ ಬರೆದಿಡಿ.

ದಿನಾಂಕ, ಊರು, ಗಂಟೆ, ಸಿಮ್ ಯಾವುದು, ಪಿಂಗ್ ಕನಿಷ್ಠ, ಗರಿಷ್ಠ, ಕಳೆದುಹೋದದ್ದು: ಒಂದು ನೋಟ್‌ಬುಕ್ಕಿನ ಗೆರೆಯಲ್ಲಿ ಇಷ್ಟು ಹಿಡಿಯುತ್ತದೆ. ನೆಲೋಗಿಯವರದು, ಆಂದೋಲಾದವರದು, ಯಡ್ರಾಮಿಯವರದು ಪಕ್ಕಪಕ್ಕ ಇಟ್ಟಾಗ ಯಾವ ಟವರು ರಾತ್ರಿ ಮುಗ್ಗರಿಸುತ್ತದೆ ಎಂದು ತಾನಾಗಿ ಕಾಣುತ್ತದೆ. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ಮೈಸ್ಪೀಡ್ ಆ್ಯಪ್‌ನಿಂದಲೂ ಅಳೆದರೆ ಆ ಫಲಿತಾಂಶ ನೇರ ನಿಯಂತ್ರಕರಿಗೇ ಮುಟ್ಟುತ್ತದೆ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಟ್ರಾಯ್‌ನ ಗುಣಮಟ್ಟದ ನಿಯಮಗಳಲ್ಲಿ ವಿಳಂಬವೂ ಪ್ಯಾಕೆಟ್ ನಷ್ಟವೂ ಅಳತೆಗೋಲುಗಳಾಗಿವೆ. "ನೆಟ್ ಬರವಲ್ತು" ಅನ್ನುವ ದೂರನ್ನು ಕಂಪನಿಯವರು ಮೊಬೈಲ್ ರೀಸ್ಟಾರ್ಟ್ ಮಾಡಿ ಎಂದು ಮುಗಿಸಬಹುದು. ಊರು, ಗಂಟೆ, ಅಂಕಿ ಸಮೇತ ಹತ್ತು ಜನ ಬರೆದ ದೂರನ್ನು ಹಾಗೆ ಮುಗಿಸುವುದು ಕಷ್ಟ. ಕಂಪನಿಯ ದೂರು ಸಂಖ್ಯೆ 198ಕ್ಕೆ ಕರೆ ಮಾಡಿ ದೂರು ಕೊಟ್ಟಾಗ ಡಾಕೆಟ್ ನಂಬರ್ ಕೇಳಿ ಪಡೆಯಿರಿ. ಸಮಾಧಾನವಾಗದಿದ್ದರೆ ಅದೇ ನಂಬರ್ ಹಿಡಿದು ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಅದಕ್ಕೆ ಶುಲ್ಕವಿಲ್ಲ. ನಿಮ್ಮ ಆಟಕ್ಕೆ ಸರಿಹೋದ ಟವರು ನಿಮ್ಮ ತಂಗಿಯ ಆನ್‌ಲೈನ್ ಪಾಠಕ್ಕೂ, ಅಂಗಡಿಯವರ ಕ್ಯೂಆರ್ ಹಣಕ್ಕೂ ಸರಿಹೋದಂತೆ. ಊರಿನ ಹಿರಿಯರಿಗೆ ಈ ಮಾತು ಹೇಳಿದರೆ ಅವರೂ ಸಹಿ ಹಾಕುತ್ತಾರೆ.

ಭಾನುವಾರ ರಾತ್ರಿ 9ಕ್ಕೆ ಶುರುಮಾಡಿ, ಗದ್ದಲ ಹೆಚ್ಚಿರುವ ಹೊತ್ತು ಅದೇ. ಮರುದಿನ ಬೆಳಗಿನ 6ರ ಅಳತೆಯನ್ನು ಮರೆಯಬೇಡಿ. ಹೋಲಿಸಲು ಅದು ಬೇಕು.

ನಿಮ್ಮ ಸೀಮೆಯ ಅಣ್ಣ